ಬೆಟ್ಟದ ದಾರಿಯಲ್ಲಿ ಆರು ಗಂಟೆ: ಯಳಂದೂರು, ಕೊಳ್ಳೇಗಾಲ, ಹನೂರು

ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರು, ಭರಚುಕ್ಕಿ ಜಲಪಾತ ನೋಡಲು ಬರುವ ಬೆಂಗಳೂರು ಮೈಸೂರುಗಳ ಪ್ರವಾಸಿಗರು, ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಹೊರಟವರು, ಹೀಗೆ ಚಾಮರಾಜನಗರ ಜಿಲ್ಲೆಯ ಪೂರ್ವ ಭಾಗಕ್ಕೆ ಬರುವ ಬಹಳ ಮಂದಿ ಕೊಳ್ಳೇಗಾಲವನ್ನೋ ಯಳಂದೂರನ್ನೋ ಹಾದು ಹೋಗುತ್ತಾರಾದರೂ, ಅಲ್ಲಿ ಇಳಿದು ಊರನ್ನು ನೋಡುವವರು ತೀರ ಕಡಿಮೆ. ತಿಂಡಿಗೆಂದು ವಾಹನ ನಿಲ್ಲುತ್ತದೆ, ಅರ್ಧ ಗಂಟೆಯಲ್ಲಿ ಮತ್ತೆ ಹೊರಡುತ್ತದೆ. ಈ ನಿಲುಗಡೆಯನ್ನು ಐದಾರು ಗಂಟೆಗಳಿಗೆ ಹಿಗ್ಗಿಸಿಕೊಳ್ಳಲು ಸಿದ್ಧರಿರುವವರು ಏನನ್ನು ನೋಡಬೇಕು, ಯಾವ ಕ್ರಮದಲ್ಲಿ ನೋಡಬೇಕು, ಏನನ್ನು ಮುಂದಿನ ಸಲಕ್ಕೆ ಉಳಿಸಿಕೊಳ್ಳಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕೆಲವೇ ಗಂಟೆಗಳಲ್ಲಿ ಒಂದು ಹಳೆಯ ಊರನ್ನು ನೋಡುವ ರೂಢಿ ಹೆಚ್ಚು ಬೆಳೆದಿರುವುದು ಬಂದರು ಪಟ್ಟಣಗಳಲ್ಲಿ. ನವ ಮಂಗಳೂರು ಬಂದರಿಗೆ ಬರುವ ವಿಹಾರ ನೌಕೆಗಳ, ಅಂದರೆ ಸರಕಿಗಲ್ಲದೆ ಪ್ರವಾಸಕ್ಕೆಂದೇ ಓಡಾಡುವ ದೊಡ್ಡ ಹಡಗುಗಳ ಪ್ರಯಾಣಿಕರು ಬೆಳಿಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕಾರ್ಕಳದ ಗೊಮ್ಮಟನನ್ನೋ ನೋಡಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಹಡಗು ಯಾರಿಗೂ ಕಾಯುವುದಿಲ್ಲವಾದ್ದರಿಂದ ಅವರು ಹೊರಡುವ ಹೊತ್ತನ್ನು ಮೊದಲು ಗುರುತು ಹಾಕಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದು, ಉಳಿದ ಅವಧಿಯಲ್ಲಿ ಒಂದೆರಡು ಸ್ಥಳಗಳನ್ನಷ್ಟೇ ಆರಿಸಿಕೊಳ್ಳುತ್ತಾರೆ. ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೊಳ್ಳೇಗಾಲದಲ್ಲಿ ಇಳಿಯುವವರಿಗೂ ಇದೇ ಲೆಕ್ಕ ಒಪ್ಪುತ್ತದೆ. ಕತ್ತಲಾಗುವ ಮೊದಲು ಘಟ್ಟದ ರಸ್ತೆ ಹತ್ತಿ ಮುಗಿದಿರಬೇಕು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಕ್ಷೇಮ.

ಸ್ಥಳಗಳನ್ನು ನೋಡುವ ಮುನ್ನ ಈ ನೆಲದ ಒಂದು ಇತಿಹಾಸ ತಿಳಿದಿದ್ದರೆ ಕಣ್ಣಿಗೆ ಬೀಳುವ ಎಷ್ಟೋ ಸಂಗತಿಗಳು ಅರ್ಥವಾಗುತ್ತವೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲವು ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಹೋಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅದರಿಂದ ಹದಿನೈದು ಹದಿನಾರು ಕಿಲೋಮೀಟರು ದೂರದ ಯಳಂದೂರು ಮೈಸೂರಿನಲ್ಲೇ ಉಳಿಯಿತು. ಒಂದೇ ಭಾಷೆಯನ್ನಾಡುವ, ಒಂದೇ ಬೆಟ್ಟದ ದೇವರಿಗೆ ನಡೆದುಕೊಳ್ಳುವ ಈ ಎರಡು ಊರುಗಳ ನಡುವೆ ಒಂದೂವರೆ ಶತಮಾನ ಕಾಲ ಕಂಪನಿಯ, ಆಮೇಲೆ ಬ್ರಿಟಿಷ್ ಸರ್ಕಾರದ ಆಳ್ವಿಕೆಗೂ ಅರಸರ ಆಳ್ವಿಕೆಗೂ ನಡುವಿನ ಗಡಿಯಿತ್ತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಯಿತು. ಕೊಳ್ಳೇಗಾಲ ತಾಲ್ಲೂಕಿನ ಬೆಟ್ಟದ ಸೀಮೆಯನ್ನು ಬೇರ್ಪಡಿಸಿ ಹನೂರು ತಾಲ್ಲೂಕನ್ನು ಮಾಡಿದ್ದು ತೀರ ಈಚಿನ ಸಂಗತಿ. ಈಗಿನ ರಸ್ತೆಯಲ್ಲಿ ಹಳೆಯ ಗಡಿಯ ಗುರುತು ಯಾತ್ರಿಕನ ಕಣ್ಣಿಗೆ ಕಾಣುವುದಿಲ್ಲವಾದರೂ ಎರಡು ಊರುಗಳ ಸ್ವಭಾವದಲ್ಲಿ ಅದು ಕಾಣುತ್ತದೆ: ಯಳಂದೂರು ಪಾಳೆಯಗಾರರ, ದಿವಾನರ, ಕವಿಗಳ ಊರಾದರೆ ಕೊಳ್ಳೇಗಾಲ ಮಗ್ಗದ, ರೇಷ್ಮೆಗೂಡಿನ, ವ್ಯಾಪಾರದ ಊರು.

ದಿನವನ್ನು ಯಳಂದೂರಿನಿಂದ ಆರಂಭಿಸುವುದು ಸೂಕ್ತ. ಊರಿನ ಮುಖ್ಯ ಸ್ಮಾರಕವಾದ ಗೌರೀಶ್ವರ ದೇವಾಲಯ ಹಳ್ಳಿ ಪಟ್ಟಣಗಳ ಇತರ ಗುಡಿಗಳಂತೆ ಮಧ್ಯಾಹ್ನ ಬಾಗಿಲು ಹಾಕುವ ಸಂಭವವಿರುವುದು ಇದಕ್ಕೆ ಒಂದು ಕಾರಣವಾದರೆ, ಕಲ್ಲಿನ ಕೆತ್ತನೆಯನ್ನು ನೋಡಲು ಬೆಳಗಿನ ಓರೆ ಬಿಸಿಲೇ ಒಳ್ಳೆಯದೆಂಬುದು ಇನ್ನೊಂದು ಕಾರಣ. ಹದಿನಾಡು ಎಂದು ಹೆಸರಾಗಿದ್ದ ಈ ಸೀಮೆಯನ್ನು ಆಳುತ್ತಿದ್ದ ಸಿಂಗದೇಪನೆಂಬ ನಾಯಕ 1500ರ ಸುಮಾರಿಗೆ ದೇವಾಲಯವನ್ನು ಕಟ್ಟಿಸಿದನು. ಅದರ ಮುಂದೆ ನಿಂತಿರುವ ಮಹಾದ್ವಾರವನ್ನು, ಅಂದರೆ ಗುಡಿಯ ಅಂಗಳಕ್ಕೆ ಪ್ರವೇಶ ಕೊಡುವ ದೊಡ್ಡ ಬಾಗಿಲನ್ನು, ಅದೇ ವಂಶದ ಮುದ್ದರಾಜನು 1654ರ ಸುಮಾರಿಗೆ ಕಟ್ಟಿಸಿದನು. ಊರಿನವರು ಈ ಮಹಾದ್ವಾರವನ್ನು ಬಳೆಮಂಟಪ ಎನ್ನುತ್ತಾರೆ. ದಾರಿ ಕೇಳುವಾಗಲೂ ಇದೇ ಹೆಸರನ್ನು ಹೇಳಿದರೆ ಬೇಗ ಗುರುತು ಸಿಗುತ್ತದೆ.

ಬಳೆಮಂಟಪದ ಮುಂದೆ ಕನಿಷ್ಠ ಮುಕ್ಕಾಲು ಗಂಟೆಯನ್ನಾದರೂ ಕಳೆಯಬೇಕು. ಅದರ ಮೂಲೆಗಳಲ್ಲಿ ಒಂದರೊಳಗೊಂದು ಸಿಕ್ಕಿಕೊಂಡ ಕಲ್ಲಿನ ಬಳೆಗಳ ಸರಪಳಿ ಇಳಿಬಿದ್ದಿದ್ದರಿಂದ ಅದಕ್ಕೆ ಆ ಹೆಸರು ಬಂದಿದ್ದು, ಬಿಡಿ ಬಿಡಿ ಬಳೆಗಳನ್ನು ಜೋಡಿಸದೆ ಒಂದೇ ಕಲ್ಲನ್ನು ಕೊರೆಯುತ್ತ ಅಲುಗಾಡುವ ಕೊಂಡಿಗಳನ್ನು ಬಿಡಿಸಿ ತೆಗೆದಿರುವ ಈ ಕೆಲಸ ದಕ್ಷಿಣದ ಶಿಲ್ಪಿಗಳು ತಮ್ಮ ಕೈಚಳಕವನ್ನು ತೋರಿಸಲು ಕೈಗೊಳ್ಳುತ್ತಿದ್ದ ಅತ್ಯಂತ ಕಠಿಣ ಪರೀಕ್ಷೆಗಳಲ್ಲೊಂದು. ಒಂದು ಕಡೆ ಉಳಿ ತಪ್ಪಿದರೆ ಅಷ್ಟೂ ಕಲ್ಲು ವ್ಯರ್ಥ. ಈಗ ಉಳಿದಿರುವುದು ಸರಪಳಿಯ ತುಣುಕುಗಳು ಮಾತ್ರವಾದರೂ ಕಲ್ಲಿಗೆ ಕಲ್ಲು ಕೊಂಡಿಯಾದ ಬಗೆಯನ್ನು ಅವುಗಳಲ್ಲೇ ಗುರುತಿಸಬಹುದು. ಬಹಳ ಮಂದಿ ಬಳೆಗಳನ್ನು ನೋಡಿ ಫೋಟೊ ತೆಗೆದು ಹೊರಟುಬಿಡುತ್ತಾರೆ. ಗೋಡೆಯ ಮೇಲಿನ ಶಿಲ್ಪಗಳು ಅದಕ್ಕಿಂತ ಹೆಚ್ಚಿನ ಗಮನವನ್ನು ಬೇಡುತ್ತವೆ. ಶಿವನ ನಾನಾ ರೂಪಗಳ ಜೊತೆಗೆ ನರಸಿಂಹನೂ ವಾಲಿ ಸುಗ್ರೀವರೂ ಇಲ್ಲಿ ಸ್ಥಾನ ಪಡೆದಿದ್ದು, ಶೈವ ದೇವಾಲಯದ ಬಾಗಿಲಲ್ಲಿ ರಾಮಾಯಣದ ಕಥೆಗಳಿಗೂ ಜಾಗ ಸಿಕ್ಕಿರುವುದನ್ನು ಮಕ್ಕಳೊಂದಿಗೆ ಬಂದವರು ಒಂದೊಂದಾಗಿ ಹುಡುಕಿ ತೋರಿಸಬಹುದು. ಹೊಯ್ಸಳರ ಕುಸುರಿ ಕೆಲಸಕ್ಕೆ ಒಗ್ಗಿದ ಕಣ್ಣಿಗೆ ಈ ಮೂರ್ತಿಗಳು ತುಸು ಒರಟಾಗಿ ಕಂಡರೆ ಅದಕ್ಕೆ ಕಲ್ಲೂ ಕಾರಣ: ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಜಾತಿಯ ಮೃದುವಾದ ಕಲ್ಲು, ಇಲ್ಲಿಯದು ಗಡುಸಾದ ಕಣಶಿಲೆ.

ಇದೇ ಪುಟ್ಟ ಊರು ಹದಿನೇಳನೆಯ ಶತಮಾನದಲ್ಲಿ ಕನ್ನಡ ಸಾಹಿತ್ಯಕ್ಕೆ ಕೊಟ್ಟಿದ್ದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮ ಯಳಂದೂರಿನವಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರ ಊಳಿಗದಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೆಣ್ಣುಮಗಳೊಬ್ಬಳು, ಆಸ್ಥಾನದ ಪಂಡಿತರ ನಡುವೆ, ಹೆಣ್ಣಿನ ಬದುಕನ್ನೇ ವಸ್ತುವಾಗಿ ಆರಿಸಿಕೊಂಡು ಸಾಂಗತ್ಯ ಛಂದಸ್ಸಿನಲ್ಲಿ ಕಾವ್ಯ ಕಟ್ಟಿದ್ದು ಸಣ್ಣ ಸಂಗತಿಯಲ್ಲ. ರಾಜಶೇಖರ ವಿಲಾಸದ ಕವಿ ಷಡಕ್ಷರದೇವನ ಹೆಸರೂ ಯಳಂದೂರಿನೊಂದಿಗೆ ಸೇರಿಕೊಂಡಿದೆ. ಹೊನ್ನಮ್ಮನ ಕಾವ್ಯದ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಬಂದು ಗುಡಿಯ ಜಗಲಿಯ ಮೇಲೆ ಕುಳಿತು ನಾಲ್ಕು ಪದ್ಯ ಓದುವ ಪ್ರವಾಸಿಗೆ ಈ ಊರು ಬೇರೆಯೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ.

ಯಳಂದೂರಿನ ಮೂರನೆಯ ಎಳೆ ದಿವಾನ್ ಪೂರ್ಣಯ್ಯನದು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಹಣಕಾಸಿನ ಹೊಣೆ ಹೊತ್ತು, 1799ರಿಂದ 1811ರವರೆಗೆ ಬಾಲಕ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯ ನಡೆಸಿದ ಪೂರ್ಣಯ್ಯನಿಗೆ 1807ರಲ್ಲಿ ಯಳಂದೂರು ಜಹಗೀರಾಗಿ, ಎಂದರೆ ವಂಶಪಾರಂಪರ್ಯವಾಗಿ ಕಂದಾಯ ಅನುಭವಿಸುವ ಹಕ್ಕಿನ ಸೀಮೆಯಾಗಿ ದೊರೆಯಿತು. ಅವನ ವಂಶಸ್ಥರಾದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಜಹಗೀರದಾರರ ಬಂಗಲೆ ಊರಿನಲ್ಲಿದ್ದು, ವಸ್ತುಸಂಗ್ರಹಾಲಯವಾಗಿ ಬದಲಾಗಿದೆ. ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಮೇಲು. ಇಲ್ಲಿಂದ ಬಿಳಿಗಿರಿರಂಗನ ಬೆಟ್ಟ ಸುಮಾರು 24 ಕಿಲೋಮೀಟರು. ಇಲ್ಲಿನ ಬುಡಕಟ್ಟಿನವರಾದ ಸೋಲಿಗರು ತಮ್ಮ ಕುಲದ ಹೆಣ್ಣನ್ನು ಮದುವೆಯಾದ ಭಾವನೆಂದು ಕರೆಯುವ ರಂಗನಾಥನ ಬೆಟ್ಟವಿದು, 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಆದರೆ ಕಾಡಿನ ತನಿಖಾ ಠಾಣೆಗಳು ಸಂಜೆಯ ಮೇಲೆ ವಾಹನಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದಲೂ, ಆ ಬೆಟ್ಟ ತನ್ನದೇ ಆದ ಒಂದು ಪೂರ್ಣ ದಿನವನ್ನು ಬೇಡುವುದರಿಂದಲೂ ಅದನ್ನು ಈ ಆರು ಗಂಟೆಗಳೊಳಗೆ ತುರುಕದಿರುವುದೇ ಲೇಸು.

ಬೆಳಗಿನ ಹತ್ತರ ಸುಮಾರಿಗೆ ಕೊಳ್ಳೇಗಾಲಕ್ಕೆ ಬಂದರೆ ಊರಿನ ನಿಜವಾದ ಚಟುವಟಿಕೆಯನ್ನು ನೋಡಬಹುದು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕೃಷಿ ಕೊಳ್ಳೇಗಾಲದ ಸುತ್ತ ಎಷ್ಟು ಗಟ್ಟಿಯಾಗಿ ನೆಲೆಸಿತೆಂದರೆ, ಗಡಿ ಬದಲಾಗಿ ಊರು ಕೊಯಮತ್ತೂರು ಜಿಲ್ಲೆಗೆ ಸೇರಿದ ಮೇಲೂ ಮದರಾಸು ಪ್ರಾಂತದ ರೇಷ್ಮೆ ಕೃಷಿಗೆ ಇದೇ ಮುಖ್ಯ ಕೇಂದ್ರವಾಗಿ ಮುಂದುವರಿಯಿತು. ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುವ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನದೆ ತಲೆ ಎತ್ತಿ ಸ್ತಬ್ಧವಾಗುವ ಅವಸ್ಥೆಯನ್ನು ರೈತರು ಜ್ವರವೆನ್ನುತ್ತಾರೆ. ಮೊದಲ ಎರಡು ಜ್ವರ ದಾಟುವವರೆಗಿನ ಎಳೆಯ ಹುಳುಗಳ ಸಾಕಣೆಗೆ ಚಾಕಿ ಎಂದು ಹೆಸರು. ಹಣ್ಣಾದ ಹುಳುವನ್ನು ಚಂದ್ರಿಕೆಯೆಂಬ ಬಿದಿರಿನ ತಟ್ಟೆಯ ಮೇಲೆ ಬಿಟ್ಟರೆ ಅದು ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಒಳಗಿನ ಪತಂಗ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುವುದರಿಂದ ರೈತನು ಕೆಲವೇ ದಿನಗಳೊಳಗೆ ಗೂಡನ್ನು ಮಾರುಕಟ್ಟೆಗೆ ತಂದು ಮಾರಲೇಬೇಕು. ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಕಾಣುವ ಅವಸರಕ್ಕೆ ಕಾರಣ ಇದೇ. ಅಲ್ಲಿ ನಡೆಯುವುದು ಒಂದು ಕುಟುಂಬದ ತಿಂಗಳ ದುಡಿಮೆಯ ಬೆಲೆ ಕಟ್ಟುವ ಕೆಲಸ. ಆದ್ದರಿಂದ ಕಚೇರಿಯಲ್ಲಿ ಅನುಮತಿ ಕೇಳಿ ಒಳಗೆ ಹೋಗಬೇಕು, ಗೂಡುಗಳಿಗೆ ಕೈ ಹಾಕಬಾರದು, ರೈತರ ಮುಖದ ಮುಂದೆ ಕ್ಯಾಮೆರಾ ಹಿಡಿಯಬಾರದು.

ಸೀರೆ ಕೊಳ್ಳುವವರಿಗೆ ಎರಡು ಮಾತು ಹೇಳಬೇಕು. ದೇವಾಂಗ ಮುಂತಾದ ನೇಕಾರ ಸಮುದಾಯಗಳು ನೇಯ್ದ ಕೊಳ್ಳೇಗಾಲದ ರೇಷ್ಮೆ ಸೀರೆಗೆ ತನ್ನದೇ ಹೆಸರಿದೆ. ಅದನ್ನು ಮೈಸೂರು ಸಿಲ್ಕ್ ಎಂದು ಹೇಳಿ ಯಾರಾದರೂ ಮಾರಿದರೆ ಆ ಮಾತನ್ನು ಒಪ್ಪಬಾರದು. ಮೈಸೂರು ಸಿಲ್ಕ್ ಎಂಬ ಹೆಸರಿನ ಭೌಗೋಳಿಕ ಗುರುತು, ಎಂದರೆ ಒಂದು ನಿರ್ದಿಷ್ಟ ಪ್ರದೇಶದ ಉತ್ಪನ್ನಕ್ಕೆ ಕಾನೂನು ಕೊಡುವ ಹೆಸರಿನ ರಕ್ಷಣೆ, ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ಶುದ್ಧ ರೇಷ್ಮೆಯೆಂಬುದಕ್ಕೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಎಂದು ನೋಡಬೇಕು. ಅಂಚಿನ ಒಂದೆರಡು ಎಳೆ ಬಿಚ್ಚಿ ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಅದು ರೇಷ್ಮೆ, ಕರಗಿ ಗಟ್ಟಿ ಉಂಡೆಯಾದರೆ ಕೃತಕ ನೂಲು. ಸಾಧ್ಯವಾದರೆ ಮಗ್ಗವಿರುವ ಮನೆಯಿಂದಲೇ ಕೊಳ್ಳುವುದು ಉತ್ತಮ. ಹಣ ನೇಯ್ದವರ ಕೈಗೇ ಸೇರುತ್ತದೆ.

ಇಲ್ಲಿ ಜಪಾನಿನ ಒಂದು ಬಂದರನ್ನು ನೆನೆಯುವುದು ಅಪ್ರಸ್ತುತವಲ್ಲ. 1859ರಲ್ಲಿ ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡ ಯೊಕೊಹಾಮಾ ಬೆಳೆದದ್ದೇ ಕಚ್ಚಾ ರೇಷ್ಮೆಯ ರಫ್ತಿನಿಂದ. ಇಂದು ಅಲ್ಲಿನ ಓಸಾನ್‌ಬಾಶಿ ಕಟ್ಟೆಯಲ್ಲಿ ವಿಹಾರ ನೌಕೆಯಿಂದ ಇಳಿದವರು ನಡೆದೇ ಹೋಗಿ ರೇಷ್ಮೆ ವಸ್ತುಸಂಗ್ರಹಾಲಯವನ್ನು, ಯಮಾಶಿತಾ ಉದ್ಯಾನದ ಬಳಿ ಕಾಯಂ ಆಗಿ ನಿಲ್ಲಿಸಿರುವ 1930ರ ಹಿಕಾವಾ ಮಾರು ಹಡಗನ್ನು ನೋಡಬಹುದು; ಸ್ವಲ್ಪ ದೂರದಲ್ಲಿ ರೇಷ್ಮೆ ವರ್ತಕ ಹಾರಾ ಸಾಂಕೇಯಿ ನಿರ್ಮಿಸಿ 1906ರಲ್ಲಿ ಜನರಿಗೆ ತೆರೆದ ಸಾಂಕೇಯೆನ್ ಉದ್ಯಾನವಿದೆ. 1923ರ ಭೂಕಂಪದಲ್ಲಿ ಊರಿನವರು ಮಾಡಿದ ನೆರವಿಗೆ ಕೃತಜ್ಞರಾಗಿ ಅಲ್ಲಿನ ಭಾರತೀಯ ವರ್ತಕರು 1939ರಲ್ಲಿ ಕೊಟ್ಟ ನೀರಿನ ಮಂಟಪವೂ ಯಮಾಶಿತಾ ಉದ್ಯಾನದಲ್ಲೇ ಇದೆ. 1893ರಲ್ಲಿ ಸ್ವಾಮಿ ವಿವೇಕಾನಂದರು ಷಿಕಾಗೊಗೆ ಹೋಗುವಾಗ ಹಡಗು ಹತ್ತಿದ್ದು ಇದೇ ಬಂದರಿನಲ್ಲಿ; ಅದೇ ಹಡಗಿನಲ್ಲಿದ್ದ ಜಮ್‌ಶೆಟ್‌ಜಿ ಟಾಟಾ ಕೆಲವೇ ವರ್ಷಗಳಲ್ಲಿ ಜಪಾನಿ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಸ್ಥಾಪಿಸಿದರು. ಒಂದು ಶತಮಾನದ ನಂತರ, 1991ರಿಂದ, ಜಪಾನಿನ ಸಹಕಾರದೊಂದಿಗೆ ನಡೆದ ಯೋಜನೆಯಿಂದ ಕರ್ನಾಟಕದಲ್ಲಿ ದ್ವಿತಳಿ ರೇಷ್ಮೆ ಹಬ್ಬಿತು. ದ್ವಿತಳಿಯೆಂದರೆ ಸಹಜವಾಗಿ ವರ್ಷಕ್ಕೆ ಎರಡೇ ಪೀಳಿಗೆ ಕಾಣುವ, ಉದ್ದವಾದ ಬಿಳಿ ಎಳೆ ಕೊಡುವ ಜಾತಿ. ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಬಿಳಿ ಗೂಡು ಕಂಡರೆ ಅದರ ಹಿಂದೆ ಈ ದೀರ್ಘ ಸಂಬಂಧವಿದೆ. ಯೊಕೊಹಾಮಾದಲ್ಲಿ ರೇಷ್ಮೆ ಈಗ ಬಹುಮಟ್ಟಿಗೆ ನೆನಪು, ಕೊಳ್ಳೇಗಾಲದಲ್ಲಿ ಅದು ಇಂದಿಗೂ ಜೀವನೋಪಾಯ. ಆದರೂ ಬಂದವರಿಗೆ ತನ್ನ ಕಥೆಯನ್ನು ಹೇಳುವ ವಿಷಯದಲ್ಲಿ ಆ ಬಂದರು ಎಷ್ಟೋ ಮುಂದಿದೆ.

ಊಟ ಮುಗಿಸಿ ಮಧ್ಯಾಹ್ನ ಹೊರಟರೆ ಸುಮಾರು 15 ಕಿಲೋಮೀಟರು ದೂರದ ಶಿವನಸಮುದ್ರಕ್ಕೆ ಎರಡು ಗಂಟೆ ಕೊಡಬಹುದು. ಕಾವೇರಿ ಇಲ್ಲಿ ಕವಲೊಡೆದು ದ್ವೀಪವೊಂದನ್ನು ಸುತ್ತುವರಿದು, ಪಶ್ಚಿಮದಲ್ಲಿ ಗಗನಚುಕ್ಕಿಯಾಗಿಯೂ ಪೂರ್ವದಲ್ಲಿ ಭರಚುಕ್ಕಿಯಾಗಿಯೂ ಧುಮುಕುತ್ತದೆ. ಎರಡನ್ನೂ ನೋಡುವ ಆಸೆಯಲ್ಲಿ ಹೊತ್ತು ಕಳೆಯುವ ಬದಲು ಕೊಳ್ಳೇಗಾಲದಿಂದ ಬಂದವರು ಭರಚುಕ್ಕಿಯನ್ನೇ ಆರಿಸಿಕೊಳ್ಳಬೇಕು. ಗಗನಚುಕ್ಕಿಯ ಒಳ್ಳೆಯ ನೋಟ ಸಿಗುವುದು ಮಳವಳ್ಳಿಯ ಕಡೆಯಿಂದ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನೀರು ತುಂಬಿರುತ್ತದೆ, ಬೇಸಿಗೆಯಲ್ಲಿ ಬಂಡೆಯೇ ಹೆಚ್ಚು. ತಡೆಬೇಲಿ ದಾಟಿ ನೀರಿಗೆ ಇಳಿಯುವುದನ್ನು ಯಾವ ಕಾಲದಲ್ಲೂ ಮಾಡಬಾರದು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಹರಿವು ಏಕಾಏಕಿ ಏರುತ್ತದೆ. ಆದಿರಂಗವಾದ ಶ್ರೀರಂಗಪಟ್ಟಣಕ್ಕೂ ಅಂತ್ಯರಂಗವಾದ ಶ್ರೀರಂಗಕ್ಕೂ ನಡುವೆ ಮಧ್ಯರಂಗನೆನಿಸಿದ ರಂಗನಾಥನ ದೇವಾಲಯ ಈ ದ್ವೀಪದಲ್ಲಿದೆ. 1902ರಲ್ಲಿ ಇಲ್ಲಿನ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಅದು ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲೊಂದಾಗಿತ್ತು. ಯೋಜನೆಯನ್ನು ಹುಟ್ಟುಹಾಕಿದವರು ದಿವಾನ್ ಶೇಷಾದ್ರಿ ಅಯ್ಯರ್, ಅದು ಕಾರ್ಯರೂಪಕ್ಕೆ ಬಂದಾಗ ದಿವಾನರಾಗಿದ್ದವರು ಬೆಳಿಗ್ಗೆ ನೋಡಿದ ಯಳಂದೂರಿನ ಜಹಗೀರದಾರ ಮನೆತನದ ಕೃಷ್ಣಮೂರ್ತಿಯವರು.

ಶಿವನಸಮುದ್ರದ ದಾರಿಯಲ್ಲಿರುವ ಸತ್ತೇಗಾಲದ ಬಳಿಯ ಹಳೆಯ ಕಲ್ಲು ಸೇತುವೆಯ ಬಗ್ಗೆ ಒಂದು ಗೊಂದಲವನ್ನು ನಿವಾರಿಸಬೇಕು. ಜನ ವೆಸ್ಲಿ ಸೇತುವೆ ಎನ್ನುವ ಇದನ್ನು ರಾಮಸ್ವಾಮಿ ಮೊದಲಿಯಾರ್ ಎಂಬವರು 1830ರ ಆಸುಪಾಸಿನಲ್ಲಿ ಕಟ್ಟಿಸಿದರು; ಪೂರ್ಣಯ್ಯನು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಬೇರೆ. ಗಾರೆಯ ಕಮಾನುಗಳಿಲ್ಲದೆ ಕಲ್ಲುಕಂಬಗಳ ಮೇಲೆ ಕಲ್ಲುಚಪ್ಪಡಿ ಹಾಸಿದ ಈ ಬಗೆಯ ಸೇತುವೆಗಳು ಪ್ರವಾಹದ ಹೊಡೆತವನ್ನು ಶತಮಾನಗಳ ಕಾಲ ತಾಳಿಕೊಂಡವು. 2018ರ ಪ್ರವಾಹದಲ್ಲಿ ಸತ್ತೇಗಾಲದ ಸೇತುವೆಗೆ ಹಾನಿಯಾಗಿದ್ದು, ಅದನ್ನು ದೂರದಿಂದಲೇ ನೋಡುವುದು ಸುರಕ್ಷಿತ.

ಮಹದೇಶ್ವರ ಬೆಟ್ಟಕ್ಕೆ ಮುಂದುವರಿಯುವವರು ಶಿವನಸಮುದ್ರವನ್ನು ಬಿಟ್ಟು ಹನೂರಿನ ದಾರಿ ಹಿಡಿಯಬೇಕು. ಕೊಳ್ಳೇಗಾಲದಿಂದ ಹನೂರು ಸುಮಾರು 25 ಕಿಲೋಮೀಟರು. ಅಲ್ಲಿಂದ ಕೌದಳ್ಳಿಯ ಮೂಲಕ ಬೆಟ್ಟದ ತಪ್ಪಲಾದ ತಾಳಬೆಟ್ಟ ತಲುಪಿದರೆ ಘಟ್ಟದ ತಿರುವುಗಳು ಆರಂಭವಾಗುತ್ತವೆ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಈ ರಸ್ತೆ ಬರಿಗಾಲಲ್ಲಿ ನಡೆದು ಬರುವ, ಮಾದಪ್ಪನೆಂದು ಕರೆಯುವ ಮಹದೇಶ್ವರನ ಒಕ್ಕಲಿನವರಿಂದ ತುಂಬಿರುವುದರಿಂದ ವಾಹನ ನಡೆಸುವವರು ತಾಳ್ಮೆಯಿಂದ ಸಾಗಬೇಕು. ಮಹದೇಶ್ವರನ ಭಕ್ತರು ತಾಳ ಹಿಡಿದು ಹಾಡುವ ಕಂಸಾಳೆಯ ಗತ್ತನ್ನು ವೇದಿಕೆಯ ಮೇಲಲ್ಲದೆ ಅದರ ನೆಲೆಯಲ್ಲೇ ಕೇಳಬೇಕೆನ್ನುವವರು ಮಾತ್ರ ಈ ದಿನಗಳನ್ನೇ ಆರಿಸಿಕೊಳ್ಳಬೇಕು. ಹನೂರು ಸೀಮೆಯ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟಿಯನ್ನರ ಧೊಂಡೆನ್‌ಲಿಂಗ್ ವಸತಿಯೂ ಅವರ ಬೌದ್ಧ ವಿಹಾರವೂ ಇವೆ. ವಿದೇಶಿ ಪ್ರಜೆಗಳು ಅಲ್ಲಿ ತಂಗಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಪತ್ರವನ್ನು ಮೊದಲೇ ಪಡೆದಿರಬೇಕು.

ಕೊಳ್ಳೇಗಾಲಕ್ಕೆ ರೈಲು ಇಲ್ಲ. ರೈಲಿನಲ್ಲಿ ಬರುವವರು ಮೈಸೂರಿನ ಮೂಲಕ ಚಾಮರಾಜನಗರದಲ್ಲಿ ಇಳಿದು ಸಂತೇಮರಹಳ್ಳಿಯ ಮೇಲೆ ಬಸ್ಸಿನಲ್ಲಿ ಬಂದರೆ ಮೊದಲು ಯಳಂದೂರು, ಆಮೇಲೆ ಕೊಳ್ಳೇಗಾಲ ಸಿಗುತ್ತವೆ, ಮೇಲೆ ಹೇಳಿದ ಕ್ರಮಕ್ಕೆ ಇದು ಹೊಂದುತ್ತದೆ. ಮೈಸೂರಿನಿಂದ ತಿರುಮಕೂಡಲು ನರಸೀಪುರದ ಮೂಲಕ, ಬೆಂಗಳೂರಿನಿಂದ ಕನಕಪುರ ಮಳವಳ್ಳಿಗಳ ಮೂಲಕ ಬರುವವರಿಗೆ ಕೊಳ್ಳೇಗಾಲವೇ ಮೊದಲು. ಅವರು ಬೆಳಗಿನ ಹೊತ್ತಿನಲ್ಲಿ ನಿಲ್ಲದೆ ಯಳಂದೂರಿಗೆ ಹೋಗಿ ಮರಳಿ ಬರುವುದು ಒಳ್ಳೆಯದು. ಆರು ಗಂಟೆಯ ಬದಲು ಮೂರೇ ಗಂಟೆ ಇದ್ದರೆ ಜಲಪಾತವನ್ನೂ ಅಂಗಡಿಗಳನ್ನೂ ಬಿಟ್ಟು ಯಳಂದೂರನ್ನಷ್ಟೇ ನೋಡಬೇಕು. ಬಂದವರಿಗೆ ಈ ಊರುಗಳ ಕಥೆ ತಿಳಿಯುವಂತೆ ಬಳೆಮಂಟಪದ ಬಳಿ, ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ, ಎರಡು ಊರುಗಳ ನಡುವಿನ ಹಳೆಯ ಗಡಿಯ ಜಾಗದಲ್ಲಿ ಕನ್ನಡದಲ್ಲಿ ಒಂದೊಂದು ವಿವರ ಫಲಕವನ್ನು ನಿಲ್ಲಿಸುವ ಕೆಲಸವನ್ನು ಜಿಲ್ಲಾಡಳಿತವೂ ಸ್ಥಳೀಯ ಶಾಲಾ ಕಾಲೇಜುಗಳೂ ಸೇರಿ ಕೈಗೆತ್ತಿಕೊಳ್ಳಬೇಕು.